ಈ ಸಾಲಿಗೆ ಹೊಡೀಬ್ಯಾಡ

ಮೈಲುತುತ್ತ ಕರಗಿಸಿ, ಸುಣ್ಣದ ನೀರಿಗೆ ಬೆರೆಸಿ, ಪಂಪು ಹೆಗಲಿಗೆ ಏರಿಸಿದ್ದೆ ಅಷ್ಟೇ. ಕೊನೇ ಸಾಲಿಂದ ದೊಡ್ಡಮ್ಮ ಕೂಗಿದಳು: "ತಮ್ಮಾ, ಈ ಸಾಲಿಗೆ ಹೊಡೀಬ್ಯಾಡ. ಬಿಳೀದು ಬಂದೈತಿ."

ಭಾನುವಾರದಿಂದ ಕಿವಿಯಲ್ಲಿ ಅದೇ ಮಾತು.

ಚನ್ನಗಿರಿ ಕಡೆ ನಮ್ಮದು ಅಡಿಕೆ ತೋಟ. ನಡುವೆ ಅಪ್ಪ ಹಾಕಿದ ಅರವತ್ತು ಕಾಫಿ ಗಿಡ, ಮನೆ ಖರ್ಚಿಗೆ. ಈ ಸಲ ಮಳೆ ನಿಂತ ಮೇಲೆ ಕಾಫಿ ಎಲೆಗೆಲ್ಲ ತುಕ್ಕು ರೋಗ. ದಾವಣಗೆರೆಯ ಔಷಧಿ ಅಂಗಡಿಯಲ್ಲಿ ಫೋಟೊ ತೋರಿಸಿದರೆ, ಅಂಗಡಿಯವ ಪೂರ್ತಿ ನೋಡದೇ ಬಾಟಲಿ ತೆಗೆದಿಟ್ಟ. ಎಲೆ ನೋಡದವನು ಔಷಧಿ ಮಾರಬಾರದು. ಕೊಳ್ಳದೇ ಬಂದೆ, ಅಡಿಕೆಯ ಕೊಳೆರೋಗಕ್ಕೆ ತಂದು ಉಳಿದಿದ್ದ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿದೆ. ಅಡಿಕೆಗೆ ಶೇ. 1, ಕಾಫಿಗೆ 0.5 ಸಾಕು.

ಹೋಗಿ ನೋಡಿದೆ. ದೊಡ್ಡಮ್ಮ ಎಲೆ ಮಗುಚಿ ಹಿಡಿದಿದ್ದಳು. ಅಡಿಭಾಗದಲ್ಲಿ ಕಿತ್ತಳೆ ಪುಡಿ, ಹೆಬ್ಬೆರಳಿಗೆ ಅರಿಶಿನದ ಹಾಗೆ ಮೆತ್ತಿಕೊಂಡಿತು. ಆ ಕಿತ್ತಳೆ ಮಚ್ಚೆಯ ಮೇಲೇ ಹತ್ತಿಯ ಎಳೆಯಂಥ ಬಿಳಿ ಬೂಷ್ಟು. ಪಕ್ಕದ ಎಲೆಯ ನರಕ್ಕೆ ಅಂಟಿದ, ರಸ ಹೀರುವ ಹಸಿರು ತಿಗಣೆಯೊಂದು ಸತ್ತಿತ್ತು, ಸುತ್ತ ಅದೇ ಬಿಳಿ ಉಂಗುರ.

"ಇದು ತುಕ್ಕು ತಿಂತೈತಿ. ನೀ ಹೊಡದ್ರ ಇದೂ ಹೋಕ್ಕತಿ."

ಅವಳ ತವರು ಬಾಳೆಹೊನ್ನೂರಿನ ಹತ್ತಿರ. ಹುಡುಗಿಯಾಗಿದ್ದಾಗ ಎಸ್ಟೇಟಿನಲ್ಲಿ ಕೆಲಸ ಮಾಡಿದವಳು. ಈ ಬಿಳೀದು ಲೆಕಾನಿಸಿಲಿಯಂ ಎಂಬ ಶಿಲೀಂಧ್ರ, ಇದನ್ನೇ ಔಷಧಿಯಾಗಿ ಮಾರುವ ಪ್ಯಾಕೆಟ್ಟುಗಳ ಮೇಲೆ ಈಗಲೂ ವರ್ಟಿಸಿಲಿಯಂ ಅಂತ ಹಳೇ ಹೆಸರೇ ಇರುತ್ತದೆ. ಮೆಕ್ಸಿಕೋದ ಚಿಯಾಪಾಸ್ ಕಾಫಿ ತೋಟಗಳಲ್ಲಿ ಇರುವೆ ಸಾಕುವ ತಿಗಣೆಗಳ ಮೇಲೆ ಇದು ಬೆಳೆದು ತುಕ್ಕಿಗೂ ದಾಟುವುದನ್ನು ವಿಜ್ಞಾನಿಗಳು ವರ್ಷಗಟ್ಟಲೆ ಕೂತು ನೋಡಿದ್ದಾರೆ. ನಮ್ಮ ದೊಡ್ಡಮ್ಮ ಕೂಲಿಗೆ ಬಗ್ಗಿದಾಗ ನೋಡಿದಳು.

ಎಲೆಯ ಮೇಲಷ್ಟೇ ಅಲ್ಲ, ಒಳಗೂ ಇಂಥವು ಇರುತ್ತವೆ. ಹೊರಗೆ ಒಂದು ಚುಕ್ಕೆಯೂ ಕಾಣಿಸದೆ ಕಾಫಿ ಎಲೆಯೊಳಗೆ ಬದುಕುವ ಶಿಲೀಂಧ್ರಗಳಿವೆ, ಕೆಲವು ರೋಗದ ಬೂಷ್ಟು ಬೇರೂರದಂತೆ ತಡೆಯುತ್ತವೆ. ಕಾಯಿಕೊರಕ ಹುಳುವನ್ನು ಕೊಲ್ಲುವ ಬ್ಯೂವೇರಿಯಾ ಶಿಲೀಂಧ್ರ ಕೂಡ ಕಾಫಿ ಗಿಡದೊಳಗೆ ನೆಲೆಸಬಲ್ಲದು. ಹಸಿರಾಗಿ ಕಾಣುವ ಒಂದು ಎಲೆ ಅಂದರೆ ಎಷ್ಟು ಜೀವಗಳ ಮನೆ! ನಾನು ಹದಿನೈದು ವರ್ಷ ಬೂಷ್ಟು ಕಂಡಲ್ಲೆಲ್ಲ ಪಂಪು ಹಿಡಿದು ಓಡಿದೆ. ಎಷ್ಟು ಸಾಲು ಬಿಳೀದನ್ನು ತೊಳೆದುಹಾಕಿದೆನೋ ಎಂದು ಎದೆ ಭಾರವಾಗುತ್ತದೆ.

ತುಕ್ಕು ಸಣ್ಣ ಶತ್ರುವಲ್ಲ, ಗೊತ್ತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ತೋಟಗಳನ್ನು ಟೀ ತೋಟ ಮಾಡಿಸಿತು. ಅದಕ್ಕೇ ಎಲೆ ಉದುರಿ ಬೋಳಾದ ಮೇಲಿನ ಮೂರು ಸಾಲಿಗೆ ಹೊಡೆದೆ. ಕೊನೇ ಸಾಲು ಬಿಟ್ಟೆ. ಗಾಳಿಗೆ ಹನಿ ಹಾರೀತೆಂದು ದೊಡ್ಡಮ್ಮ ನಡುವೆ ಹಳೇ ಗೋಣಿಚೀಲ ಹಿಡಿದು ನಿಂತಳು, ಪಂಪು ಖಾಲಿಯಾಗುವವರೆಗೂ.