ಕೊಕ್ಕೆ ಇರುವ ಬೂಟು ಬೇಡ: ಡಿಲ್ಯಾಂಡ್‌ನಲ್ಲಿ ಜಿಗಿತದ ಒಂದು ದಿನ

ಫ್ಲಾರಿಡಾದ ಡಿಲ್ಯಾಂಡ್‌ನಲ್ಲಿ ಬೇಸಿಗೆಯಲ್ಲಿ ಸ್ಕೈಡೈವಿಂಗ್, ಅಂದರೆ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವುದನ್ನು, ಬೆಳಿಗ್ಗೆಯೇ ಮುಗಿಸಿಕೊಳ್ಳುವುದು ಜಾಣತನ. ಮಧ್ಯಾಹ್ನ ದಾಟಿತೆಂದರೆ ಮೋಡ ಕಟ್ಟಿ ಗುಡುಗು ಶುರುವಾಗುತ್ತದೆ, ವಿಮಾನ ನಿಂತುಬಿಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ವಾಯುನೆಲೆಯಾಗಿದ್ದ ಈ ಊರಿನಲ್ಲಿ ಈಗ ಪ್ಯಾರಾಚೂಟ್ ತಯಾರಿಸುವವರು ತುಂಬಿದ್ದಾರೆ. ಕ್ಯಾನಪಿ, ಅಂದರೆ ಪ್ಯಾರಾಚೂಟಿನ ತೆರೆದುಕೊಳ್ಳುವ ಬಟ್ಟೆ, ಹೊಲಿಯುವ ಪರ್ಫಾರ್ಮೆನ್ಸ್ ಡಿಸೈನ್ಸ್ ಇಲ್ಲಿನದು, ಮುಖ್ಯ ಪ್ಯಾರಾಚೂಟ್ ಮತ್ತು ತುರ್ತಿನ ರಿಸರ್ವ್ ಎರಡನ್ನೂ ಇಟ್ಟು ಬೆನ್ನಿಗೆ ಹೊರುವ ರಿಗ್ ಮಾಡುವ ಯುಪಿಟಿ ಕಂಪನಿಯೂ ಇಲ್ಲಿನದೇ. ಹಾಗಾಗಿ ಇಲ್ಲಿ ಜಿಗಿತಕ್ಕಿಂತ ಹೆಚ್ಚಾಗಿ ಬಟ್ಟೆ, ದಾರ, ಬಕಲ್ಲು, ರಬ್ಬರ್ ಬ್ಯಾಂಡುಗಳ ಮಾತೇ ಕಿವಿಗೆ ಬೀಳುತ್ತದೆ. ಯಾವ ಹೊಸ ಸಾಮಾನು ಕಂಡರೂ ಹಳಬರು ಕೇಳುವುದು ಎರಡೇ: ಇದು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಇದು ಯಾವ ಹಿಡಿಕೆಯನ್ನು ಮುಚ್ಚುತ್ತದೆ? ಬೆಲೆ, ಬಣ್ಣ, ಕಂಪನಿ ಎಲ್ಲ ಆಮೇಲೆ.

ಬೂಟನ್ನೇ ನೋಡಿ. ಟ್ರೆಕ್ಕಿಂಗ್ ಬೂಟುಗಳಲ್ಲಿ ಲೇಸು ಸಿಕ್ಕಿಸಲು ಲೋಹದ ಕೊಕ್ಕೆಗಳಿರುತ್ತವಲ್ಲ, ಅಂಥದ್ದು ಬೇಡವೇ ಬೇಡ. ಮೈ ಉರುಳುತ್ತಿರುವಾಗ ಕ್ಯಾನಪಿ ಬಿಚ್ಚಿಕೊಂಡು ಒಂದೇ ಒಂದು ದಾರ ಆ ಕೊಕ್ಕೆಗೆ ಸಿಕ್ಕಿದರೆ, ಅರ್ಧ ತೆರೆದ ಬಟ್ಟೆ ಕಾಲಿನಿಂದ ಬೇರ್ಪಡುವುದಿಲ್ಲ. ಸಾದಾ ಓಟದ ಶೂ ಸಾಕು.

ಜಂಪ್‌ಸೂಟ್ ಎಂದರೆ ಚಳಿಗೆ ಮತ್ತು ಗೀರು ತಪ್ಪಿಸಿಕೊಳ್ಳುವುದಕ್ಕೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅದರ ಮುಖ್ಯ ಕೆಲಸ ಬೀಳುವ ವೇಗವನ್ನು ಹೊಂದಿಸುವುದು. ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿ.ಮೀ.; ಆದರೆ ತೂಕದವರು ಅದಕ್ಕಿಂತ ಬೇಗ, ಹಗುರದವರು ನಿಧಾನವಾಗಿ ಇಳಿಯುತ್ತಾರೆ. ನಾಲ್ಕು ಜನ ಕೈ ಹಿಡಿದು ಆಕಾರ ಕಟ್ಟಬೇಕಾದರೆ ಎಲ್ಲರೂ ಒಂದೇ ವೇಗದಲ್ಲಿ ಇಳಿಯಬೇಕು. ಅದಕ್ಕೇ ತೂಕದವರಿಗೆ ಸಡಿಲವಾದ, ಗಾಳಿ ಹಿಡಿಯುವ ಒರಟು ಬಟ್ಟೆ. ಹಗುರದವರಿಗೆ ಮೈಗಂಟಿದ ನುಣುಪು ಬಟ್ಟೆ, ಅದೂ ಸಾಲದಿದ್ದರೆ ಸೊಂಟಕ್ಕೆ ಸೀಸದ ಬೆಲ್ಟು. ಇಂಥ ಸೂಟಿನ ತೋಳು ತೊಡೆಗಳ ಮೇಲೆ ಹಿಡಿದುಕೊಳ್ಳಲು ದಪ್ಪ ಗ್ರಿಪ್ಪರ್‌ಗಳಿರುತ್ತವೆ. ಶೂ ಮೇಲೆ ಮುಚ್ಚಿಕೊಳ್ಳುವ ಬೂಟಿ ಕಾಲು ಚಾಚಿದಾಗ ಗಾಳಿ ಹಿಡಿದು ಮುಂದಕ್ಕೆ ನೂಕುತ್ತದೆ. ಕಲಿಯುವವರು ಬೂಟಿ ಹಾಕಿಕೊಂಡರೆ ಕಾಲು ತಮ್ಮ ಮಾತು ಕೇಳದೆ ಗರಗರ ತಿರುಗುವುದೇ ಹೆಚ್ಚು, ಸ್ವಲ್ಪ ತಡೆದೇ ಕೊಳ್ಳಲಿ.

ಸೂಟಿನಲ್ಲಿ ನಾನು ಮೊದಲು ನೋಡುವುದು ಸೊಂಟದ ಭಾಗ. ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟ್, ಅಂದರೆ ಪೈಲಟ್ ಚೂಟ್‌ನ ಹಿಡಿಕೆ ಇರುವುದು ಬೆನ್ನಿನ ಕಂಟೇನರ್‌ನ ತಳದಲ್ಲಿ, ಬಲಗೈಗೆ ಎಟುಕುವಂತೆ, ಕಣ್ಣಿಗೆ ಕಾಣದ ಜಾಗದಲ್ಲಿ. ಟೀ-ಶರ್ಟಿನ ಅಂಚು ಹೊರಗೆ ಬಂದು ಹಾರಾಡಿದರೆ ಅಥವಾ ಸೂಟು ದೊಗಳೆಯಾಗಿ ಉಬ್ಬಿದರೆ ಕೈಗೆ ಹಿಡಿಕೆಯ ಬದಲು ಬಟ್ಟೆ ಸಿಗುತ್ತದೆ. ಹುಡುಕುತ್ತಾ ಕಳೆಯುವ ಪ್ರತಿ ಸೆಕೆಂಡಿಗೂ 180 ಅಡಿಯ ಹತ್ತಿರ ಇಳಿದಿರುತ್ತೇವೆ. ಎದೆಯ ಹತ್ತಿರವೂ ಇದೇ ಕಥೆ: ಚಳಿಗೆಂದು ಒಳಗೆ ದಪ್ಪ ಜಾಕೆಟ್ ತೊಟ್ಟರೆ ಮಡಿಕೆ ಬಂದು, ಕೆಟ್ಟ ಮುಖ್ಯ ಕ್ಯಾನಪಿಯನ್ನು ಕಳಚುವ ಕಟ್‌ಅವೇ ಹಿಡಿಕೆಯನ್ನು ನುಂಗಿಬಿಡುತ್ತದೆ. ರಿಗ್ ಮೇಲೆ ಜಾಕೆಟ್ಟಂತೂ ಹಾಕಲೇಬಾರದು.

ಫ್ರೀಫ್ಲೈ ಮಾಡುವವರ, ಅಂದರೆ ಕೂತು ಅಥವಾ ತಲೆಕೆಳಗಾಗಿ ಬೀಳುವವರ ಸೂಟಿನಲ್ಲಿ ಬೂಟಿ ಇರುವುದಿಲ್ಲ. ಅವರ ವೇಗ 240 ಕಿ.ಮೀ. ದಾಟುತ್ತದೆ. ಪೈಲಟ್ ಚೂಟ್ ಇಡುವ ಎಲಾಸ್ಟಿಕ್ ಚೀಲ ಸಡಿಲವಾಗಿದ್ದರೆ ಆ ಗಾಳಿಗೆ ಅದು ತಾನಾಗಿಯೇ ಹೊರಬಂದು ಕ್ಯಾನಪಿ ತೆರೆದೀತು. ಅಷ್ಟು ವೇಗದಲ್ಲಿ ತೆರೆದರೆ ಬಟ್ಟೆ ಹರಿಯಬಹುದು, ಕುತ್ತಿಗೆ ಮುರಿಯಬಹುದು, ಮೇಲಿನಿಂದ ಬರುತ್ತಿರುವವರು ನೇರ ಬಂದು ಗುದ್ದಬಹುದು. ಹೊಟ್ಟೆಯ ಮೇಲೆ ಬೀಳುವವರಿಗೆ ಸರಿಯಾಗಿಯೇ ಇದ್ದ ಹಳೇ ರಿಗ್ ಇವರಿಗೆ ಅಪಾಯ.

ಹೆಲ್ಮೆಟ್ ವಿಷಯದಲ್ಲಿ ಜನ ಮೊದಲು ಕೇಳುವುದು, "ಅಷ್ಟು ಮೇಲಿಂದ ಬಿದ್ದರೆ ಹೆಲ್ಮೆಟ್ ಏನು ಮಾಡುತ್ತೆ?" ಅದಿರುವುದು ಅಂಥ ಬೀಳುವಿಕೆಗಾಗಿ ಅಲ್ಲ. ವಿಮಾನದ ಬಾಗಿಲ ಚೌಕಟ್ಟಿಗೆ ತಲೆ ತಾಗುವುದಕ್ಕೆ, ಜೊತೆಗಾರನ ಮೊಣಕಾಲು ಬಡಿಯುವುದಕ್ಕೆ, ಇಳಿಯುವಾಗ ಮುಗ್ಗರಿಸಿದರೆ ನೆಲ ತಗಲುವುದಕ್ಕೆ ಅದು ಬೇಕು. ಬಹುಕಾಲ ಈ ಕ್ರೀಡೆಯ ಹೆಲ್ಮೆಟ್ಟುಗಳು ಗಾಳಿ ಮತ್ತು ಸದ್ದು ತಡೆಯುವ ತೆಳು ಚಿಪ್ಪುಗಳಷ್ಟೇ ಆಗಿದ್ದವು. ಆಮೇಲೆ ಫ್ರಾನ್ಸ್‌ನಲ್ಲಿ ಜಿಗಿತಕ್ಕೆಂದೇ ಹೊಡೆತ ತಾಳುವ ಪರೀಕ್ಷೆಯ ಮಾನದಂಡ ಬಂತು. ಆಸ್ಟ್ರೇಲಿಯಾದ ಕುಕಿ ಕಂಪನಿಯ ಜಿ4 ಅದಕ್ಕೆ ತಕ್ಕಂತೆ ಮಾಡಿದ್ದು. ಕೊಳ್ಳುವವರು ಆ ಗುರುತು ನೋಡಿ ಕೊಳ್ಳಲಿ.

ಮುಖ ಮುಚ್ಚುವ ಹೆಲ್ಮೆಟ್ಟಿನ ದೊಡ್ಡ ಕಿರಿಕಿರಿ ಮಂಜು ಕವಿಯುವುದು. ಮೇಲೆ ಹೋದಂತೆ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ, ಹಾಗಾಗಿ ಕೆಳಗೆ ಬೆವರಿದವರ ಉಸಿರು ಮೇಲೆ ಗಾಜಿಗೆ ಹತ್ತಿಕೊಳ್ಳುತ್ತದೆ. ಬಾಗಿಲ ಬಳಿ ಹೋಗುವ ತನಕ ವೈಸರ್ ಎತ್ತಿಟ್ಟುಕೊಂಡು, ಹೊರಡುವ ಮುನ್ನ ಮುಚ್ಚಿ, ಬೀಗ ಕೂತಿತೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಕಿವಿಯ ಬಳಿಯ ಪಾಕೆಟ್ಟಿನಲ್ಲಿ ಕೂಗುವ ಆಲ್ಟಿಮೀಟರ್ (ಎತ್ತರ ಅಳೆಯುವ ಸಾಧನ) ಇರುತ್ತದೆ. ಗುಂಪಿನಿಂದ ಬೇರ್ಪಡಲು 5,000 ಅಡಿ, ತೆರೆಯಲು 3,500, ಕೊನೆಯ ಎಚ್ಚರಿಕೆಗೆ 2,000, ಹೀಗೆ ಮೂರು ಎತ್ತರ ಇಟ್ಟುಕೊಳ್ಳಬಹುದು. ಆದರೂ ನೋಡಬೇಕಾದದ್ದು ಮಣಿಕಟ್ಟಿನ ಆಲ್ಟಿಮೀಟರನ್ನೇ. ಬ್ಯಾಟರಿ ಸತ್ತರೆ ಕಿವಿಯಲ್ಲಿರುವುದು ಕೂಗುವುದಿಲ್ಲ, ಕೂಗಲಿಲ್ಲವೆಂದರೆ ಇನ್ನೂ ಸಮಯವಿದೆ ಎಂದೇ ಮನಸ್ಸು ನಂಬುತ್ತದೆ.

ಇನ್ನು ಕ್ಯಾಮೆರಾ. ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ 200 ಜಿಗಿತ ಆಗುವವರೆಗೆ ಬೇಡ ಎನ್ನುತ್ತದೆ. ಕ್ಯಾಮೆರಾ ಕೂರಿಸುವ ಹೆಬ್ಬೆರಳಿನಷ್ಟು ಎತ್ತರದ ಮೌಂಟ್ ಸಾಕು ದಾರ ಹಿಡಿಯಲು. ದಾರ ತಲೆಗೆ ಸಿಕ್ಕಿ, ಮುಖ್ಯ ಕ್ಯಾನಪಿಯನ್ನು ಕಳಚಿದರೆ ಅದರ ಎಳೆತವೆಲ್ಲ ಕುತ್ತಿಗೆಗೆ. ಅದಕ್ಕೇ ಕ್ಯಾಮೆರಾ ಹೆಲ್ಮೆಟ್ಟಿನ ಗಲ್ಲದ ಪಟ್ಟಿಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಏರ್ಪಾಡು ಇರಬೇಕು, ಅದನ್ನು ನೆಲದ ಮೇಲೆ ಎಡಗೈಯಲ್ಲೂ ಎಳೆದು ನೋಡಿರಬೇಕು.

ರಿಗ್ ತಪಾಸಣೆ ಮೂರು ಸಲ: ಹಾಕಿಕೊಳ್ಳುವ ಮುಂಚೆ, ವಿಮಾನ ಹತ್ತುವ ಮುಂಚೆ, ಜಿಗಿಯುವ ಮುಂಚೆ. ನೋಡುವುದೂ ಮೂರು ಮೂರೇ: ಮೂರು ಉಂಗುರ, ಮೂರು ಪಟ್ಟಿ, ಮೂರು ಹಿಡಿಕೆ. ಪಟ್ಟಿ ಎಂದರೆ ಎದೆಯದೊಂದು, ತೊಡೆಯವೆರಡು. ಎದೆಯ ಪಟ್ಟಿಯನ್ನು ಬಕಲ್ಲಿನೊಳಗೆ ತಪ್ಪಾಗಿ ತೂರಿಸಿದ್ದರೂ ನೆಲದ ಮೇಲೆ ಬಿಗಿಯಾಗಿಯೇ ಕಾಣುತ್ತದೆ. ಕ್ಯಾನಪಿ ತೆರೆದಾಗಿನ ಜಗ್ಗಿಗೆ ಜಾರಿಬಿಡುತ್ತದೆ. ಉಂಗುರಗಳೆಂದರೆ 1970ರ ದಶಕದಲ್ಲಿ ಬಿಲ್ ಬೂತ್ ಕಂಡುಹಿಡಿದ ತ್ರೀ-ರಿಂಗ್. ಮೈಗೆ ಕಟ್ಟುವ ಹಾರ್ನೆಸ್‌ನ ದೊಡ್ಡ ಉಂಗುರದೊಳಗೆ, ಕ್ಯಾನಪಿಯ ದಾರಗಳನ್ನು ಹಾರ್ನೆಸ್‌ಗೆ ಸೇರಿಸುವ ರೈಸರ್ ಪಟ್ಟಿಯ ನಡುವಿನ ಉಂಗುರ, ಅದರೊಳಗೆ ಚಿಕ್ಕದು, ಚಿಕ್ಕದರ ಮೇಲೆ ಒಂದು ಬಿಳಿ ದಾರದ ಕುಣಿಕೆ, ಕುಣಿಕೆಯೊಳಗೆ ಹಳದಿ ಕೇಬಲ್. ಒಂದೊಂದು ಉಂಗುರಕ್ಕೂ ಭಾರ ಇಳಿಯುತ್ತಾ ಬಂದು ಕೊನೆಗೆ ಕೇಬಲ್ ಮೇಲೆ ಕೂರುವುದು ಅಲ್ಪವೇ. ಹಾಗಾಗಿ ಇಡೀ ದೇಹ ತೂಗುತ್ತಿದ್ದರೂ ಕೇಬಲನ್ನು ಕೈಯಿಂದ ಎಳೆದು ಕ್ಯಾನಪಿಯನ್ನು ಕಳಚಬಹುದು. ಆದರೆ ರೈಸರ್ ಪಟ್ಟಿ ತಿಂಗಳುಗಟ್ಟಲೆ ಹಾಗೇ ಮಡಿಚಿದ್ದರೆ ಗಟ್ಟಿಯಾಗುತ್ತದೆ, ಕೇಬಲ್ ಜಿಡ್ಡುಗಟ್ಟುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ, ಪಟ್ಟಿಯನ್ನು ಆ ಕಡೆ ಈ ಕಡೆ ಬಾಗಿಸಿ, ಕೇಬಲ್ ಒರೆಸಿಡುವುದು ಹತ್ತು ನಿಮಿಷದ ಕೆಲಸ.

ಟ್ವಿನ್ ಆಟರ್ ವಿಮಾನ ಮೇಲೇರುವಾಗ ಹೆಲ್ಮೆಟ್ ತಲೆಯ ಮೇಲಿರಬೇಕು, ಸೀಟ್ ಬೆಲ್ಟು ಕಟ್ಟಿರಬೇಕು. 1992ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್‌ನಲ್ಲಿ ಇದೇ ಬಗೆಯ ವಿಮಾನ ಮೇಲೇರುತ್ತಲೇ ಬಿದ್ದು 16 ಜನ ಸತ್ತರು. ಬೆಲ್ಟನ್ನು ಇಲ್ಲಿನವರು ಗಂಭೀರವಾಗಿ ತೆಗೆದುಕೊಂಡದ್ದು ಅದರ ನಂತರವೇ. ಮಡಿಲಲ್ಲಿ ಇಟ್ಟುಕೊಂಡ ಹೆಲ್ಮೆಟ್ ಅಂಥ ಹೊತ್ತಿನಲ್ಲಿ ಇನ್ನೊಬ್ಬರ ಮುಖಕ್ಕೆ ಬಡಿಯುತ್ತದೆ.

13,500 ಅಡಿಯಿಂದ 5,000 ಅಡಿಗೆ ಬರಲು ಸುಮಾರು 50 ಸೆಕೆಂಡ್. ಪೈಲಟ್ ಚೂಟನ್ನು ಪಕ್ಕದ ಗಾಳಿಗೆ ಜೋರಾಗಿ ಎಸೆಯಬೇಕು. ಮೆಲ್ಲಗೆ ಬಿಟ್ಟರೆ ಬೆನ್ನ ಮೇಲಿನ ಸತ್ತ ಗಾಳಿಯಲ್ಲಿ ಅದು ಕುಣಿಯುತ್ತಾ ಕೂತುಬಿಡುತ್ತದೆ. ಗಾಳಿ ಹಿಡಿದ ಪೈಲಟ್ ಚೂಟ್ ಕಂಟೇನರ್‌ನ ಪಿನ್ ಕಿತ್ತು ಕ್ಯಾನಪಿ ಮಡಿಚಿಟ್ಟ ಚೀಲವನ್ನು ಎತ್ತುತ್ತದೆ, ದಾರಗಳು ಒಂದೊಂದಾಗಿ ಬಿಚ್ಚಿಕೊಂಡು ಬಿಗಿಯಾಗುತ್ತವೆ, ಕೊನೆಗೆ ಬಟ್ಟೆ ಹೊರಬರುತ್ತದೆ. ಯುಎಸ್‌ಪಿಎ ಪ್ರಕಾರ ಮೊದಲ ಹಂತದ ಎ ಲೈಸೆನ್ಸಿನವರು 3,000 ಅಡಿಗಿಂತ ಕೆಳಗಿಳಿಯುವ ಮುಂಚೆ ತೆರೆಯಬೇಕು, ಕಳಚಬೇಕೋ ಬೇಡವೋ ಎಂಬುದನ್ನು 2,500 ಅಡಿಗಿಂತ ಕೆಳಗಿಳಿಯುವ ಮುಂಚೆ ತೀರ್ಮಾನಿಸಬೇಕು. ಅನುಭವಿಗಳಿಗೆ ಈ ತೀರ್ಮಾನದ ಗೆರೆ 1,800. ಕಳಚುವ ಕ್ರಮ ಬಾಯಿಪಾಠವಾಗಿರಲಿ: ಬಲಗಡೆಯ ಕೆಂಪು ಹಿಡಿಕೆ ನೋಡಿ ಹಿಡಿಯುವುದು, ಎಡಗಡೆಯ ರಿಸರ್ವ್ ಹಿಡಿಕೆ ನೋಡುವುದು, ಕೆಂಪನ್ನು ತೋಳು ಚಾಚುವಷ್ಟು ಪೂರ್ತಿ ಎಳೆಯುವುದು, ಆಮೇಲೆ ರಿಸರ್ವ್. ಏನೂ ಎಳೆಯದೆ ಪ್ರಜ್ಞೆ ತಪ್ಪಿದವರಿಗೆ ಎಎಡಿ, ಅಂದರೆ ರಿಸರ್ವನ್ನು ತಾನಾಗಿ ತೆರೆಯುವ ಸಾಧನ, ಇದೆ. 1991ರಲ್ಲಿ ಜರ್ಮನಿಯ ಏರ್‌ಟೆಕ್ ತಂದ ಸೈಪ್ರೆಸ್ ಎಂಬ ಎಎಡಿ, ಅನುಭವಿಗಳ ಮಾದರಿಯಲ್ಲಿ, ಸೆಕೆಂಡಿಗೆ 35 ಮೀಟರ್ ಮೀರಿದ ವೇಗದಲ್ಲಿ ಸುಮಾರು 225 ಮೀಟರಿಗೆ ಬಂದರೆ ರಿಸರ್ವ್‌ನ ಕುಣಿಕೆಯನ್ನು ತಾನೇ ಕತ್ತರಿಸುತ್ತದೆ. ಬೆಳಿಗ್ಗೆ ಆನ್ ಮಾಡಿದ್ದರೆ ಮಾತ್ರ.

ಇಳಿದ ಮೇಲೆ ಪ್ಯಾಕಿಂಗ್. ಕೈ ಪಳಗಿದವರಿಗೆ ಹತ್ತು ಹನ್ನೆರಡು ನಿಮಿಷ. ನನ್ನ ಮಟ್ಟಿಗೆ ದಿನದ ಅತಿ ಮುಖ್ಯ ಹೊತ್ತು ಇದೇ. ಮೊದಲು ಎರಡೂ ಬ್ರೇಕ್ ದಾರಗಳ ಕುಣಿಕೆಯನ್ನು ರೈಸರ್‌ನ ಉಂಗುರದೊಳಗಿಂದ ತಂದು, ಕ್ಯಾನಪಿ ತಿರುಗಿಸಲು ಎಳೆಯುವ ಹಿಡಿಯಾದ ಟಾಗಲ್‌ನ ಮೊನೆ ಸಿಕ್ಕಿಸಬೇಕು. ಒಂದು ಕಡೆಯದು ತೆರೆಯುವಾಗ ಬಿಟ್ಟುಕೊಂಡರೆ ಕ್ಯಾನಪಿ ಆ ಕ್ಷಣದಿಂದಲೇ ಸುತ್ತತೊಡಗುತ್ತದೆ, ದಾರಗಳು ಹುರಿಗೊಳ್ಳುತ್ತವೆ. ಎರಡನೆಯದು ಪೈಲಟ್ ಚೂಟನ್ನು ಕಾಕ್ ಮಾಡುವುದು: ಒಳಗಿನ ಕಿಲ್-ಲೈನನ್ನು ಎಳೆದು, ಪೈಲಟ್ ಚೂಟನ್ನು ಚೀಲಕ್ಕೆ ಸೇರಿಸುವ ಪಟ್ಟಿಯ ಪುಟ್ಟ ಕಿಂಡಿಯಲ್ಲಿ ಬಣ್ಣ ಕಾಣುವ ತನಕ. ಬಣ್ಣ ಕಾಣದಿದ್ದರೆ ಮೇಲೆ ಅದು ಉಬ್ಬುವುದಿಲ್ಲ, ಪಿನ್ ಎಳೆಯುವಷ್ಟು ಬಲ ಬರುವುದಿಲ್ಲ.

ಆಮೇಲೆ ದಾರಗಳನ್ನು ಹೆಗಲಿಗೆ ಹಾಕಿಕೊಂಡು ಸೀರೆಯ ನೆರಿಗೆ ಹಿಡಿದಂತೆ ಕ್ಯಾನಪಿಯ ಒಂದೊಂದು ಸೆಲ್ಲನ್ನೂ (ಗಾಳಿ ತುಂಬುವ ಕೊಳವೆಯಂಥ ಭಾಗವನ್ನು) ಜೋಡಿಸಬೇಕು. ದಾರಗಳೆಲ್ಲ ನಡುವೆ, ಬಟ್ಟೆಯೆಲ್ಲ ಹೊರಗೆ. ದಾರವೊಂದು ಬಟ್ಟೆಯ ಆಚೆ ಕಡೆಗೆ ಹೋದರೆ ತೆರೆಯುವಾಗ ಕ್ಯಾನಪಿಯ ಮೇಲೇ ಬಿದ್ದು ಅದನ್ನು ಎರಡು ಭಾಗವಾಗಿ ಹಿಂಡುತ್ತದೆ. ನೆರಿಗೆ ಸ್ವಲ್ಪ ಒರಟಾದರೆ ತೊಂದರೆಯಿಲ್ಲ. ಸ್ಲೈಡರ್, ಅಂದರೆ ದಾರಗಳ ಮೇಲೆ ಜಾರುತ್ತಾ ಕ್ಯಾನಪಿ ತೆರೆಯುವುದನ್ನು ನಿಧಾನಿಸುವ ಬಟ್ಟೆಯ ತುಂಡು, ಮಾತ್ರ ದಾರಗಳ ತುತ್ತತುದಿಯ ತಡೆಗಳಿಗೆ ತಾಗಿ ನಿಂತಿರಲೇಬೇಕು. ಅದು ಒಂದು ಗೇಣು ಕೆಳಗೆ ಜಾರಿದ್ದರೂ ಕ್ಯಾನಪಿ ದಢಕ್ಕನೆ ತೆರೆದು ಬೆನ್ನು ಕುತ್ತಿಗೆ ಜಗ್ಗುತ್ತದೆ. ಸ್ಲೈಡರ್‌ನ ಲೋಹದ ಉಂಗುರಗಳ ಒಳಗೆ ಬೆರಳಾಡಿಸಿ, ಗೀರು ಸಿಕ್ಕಿದರೆ ದಾರ ಅಲ್ಲೇ ಸವೆಯುತ್ತಿದೆ ಎಂದರ್ಥ. ಸ್ಪೆಕ್ಟ್ರಾ ದಾರಕ್ಕೆ ಇನ್ನೊಂದು ಖಾಯಿಲೆ: ಸ್ಲೈಡರ್ ಉಜ್ಜುವ ಬಿಸಿಗೆ ಹೊರ ಅಂಚಿನವು ಕುಗ್ಗುತ್ತವೆ. ಕೆಲವು ನೂರು ಜಿಗಿತವಾದ ಮೇಲೆ ಒಳ್ಳೆಯ ಕ್ಯಾನಪಿಯೂ ಅಡ್ಡಾದಿಡ್ಡಿ ತೆರೆಯತೊಡಗಿದರೆ ಪ್ಯಾಕಿಂಗನ್ನು ಬೈಯುವ ಮುಂಚೆ ದಾರ ಅಳೆಸಿ.

ಇನ್ನು ರಬ್ಬರ್ ಬ್ಯಾಂಡ್. ಚೀಲದ ಬಾಯಿ ಮುಚ್ಚಿದ ಮೇಲೆ ದಾರಗಳನ್ನು ಎರಡೂವರೆ ಇಂಚಿನ ಮಡಿಕೆ ಮಾಡಿ ಬ್ಯಾಂಡುಗಳಿಗೆ ಸಿಕ್ಕಿಸುತ್ತೇವೆ. ಫ್ಲಾರಿಡಾದ ಸೆಕೆಗೆ ಅವು ಬೇಗ ಜೀವ ಕಳೆದುಕೊಳ್ಳುತ್ತವೆ. ಸಡಿಲವಾದರೆ ದಾರಗಳೆಲ್ಲ ಒಮ್ಮೆಲೇ ಸುರಿದು, ಬಿಗಿಯಾಗುವ ಮುಂಚೆಯೇ ಬಟ್ಟೆ ಹೊರಬೀಳುತ್ತದೆ. ಬೆನ್ನು ಮುರಿಯುವಂಥ ಹೊಡೆತಗಳಿಗೆ ಇದೂ ಒಂದು ಕಾರಣ. ಚೂರು ಸೀಳು ಕಂಡರೆ ಆಗಲೇ ಬದಲಿಸಿ, ನಾಳೆಗೆ ಬಿಡಬೇಡಿ. ಕಂಟೇನರ್ ಮುಚ್ಚುವ ಕುಣಿಕೆಯದೂ ಅಷ್ಟೇ: ಒಂದು ಎಳೆ ತುಂಡಾಗಿದ್ದರೂ ಹೊಸದು ಹಾಕಿ. ಅದು ಉದ್ದವಾದರೆ ಪಿನ್ ಸಡಿಲವಾಗಿ, ವಿಮಾನದ ಬಾಗಿಲಿಗೆ ಬೆನ್ನು ಉಜ್ಜಿದರೂ ಹೊರಬರುತ್ತದೆ.

ಮೈಸೂರಿನ ಟ್ಯಾಂಡಮ್ ಶಿಬಿರಗಳಲ್ಲಿ ಜಿಗಿದ ನಮ್ಮೂರಿನವರು ಇದನ್ನೆಲ್ಲ ಕೇಳಿ ಬೆರಗಾಗುತ್ತಾರೆ, ಏಕೆಂದರೆ ಬೋಧಕರಿಗೆ ಕಟ್ಟಿಕೊಂಡು ಜಿಗಿಯುವ ಟ್ಯಾಂಡಮ್‌ನಲ್ಲಿ ಎರಡೂ ಕ್ಯಾನಪಿ ಬೋಧಕರ ಬೆನ್ನಲ್ಲೇ; ಜೊತೆಗೆ ಬರುವವರಿಗೆ ಹಾರ್ನೆಸ್ ಮತ್ತು ಕನ್ನಡಕ ಸಾಕು. ಸ್ವಂತ ರಿಗ್ ಕೊಳ್ಳುವ ಹಂತಕ್ಕೆ ಬಂದವರು ಲೆಕ್ಕ ಹಾಕಬೇಕಾದದ್ದು ಭಾರ ಮತ್ತು ಕ್ಯಾನಪಿಯ ಅನುಪಾತ. 72 ಕಿಲೋ ತೂಗುವವರು ಸಾಮಾನು ಸೇರಿ 84 ಕಿಲೋ ಆದರೆ ಅದು 185 ಪೌಂಡ್. 190 ಚದರಡಿಯ ಕ್ಯಾನಪಿಗೆ ಭಾಗಿಸಿದರೆ 0.97. ಹೊಸಬರು 1ರ ಒಳಗಿದ್ದರೆ ಒಳ್ಳೆಯದು. ಹಾರ್ನೆಸ್ ಮತ್ತು ಸೂಟ್ ಒಬ್ಬರ ಅಳತೆಗೆ ಹೊಲಿದವು, ಸೆಕೆಂಡ್ ಹ್ಯಾಂಡ್ ಸಿಕ್ಕಿತೆಂದು ಸುಮ್ಮನೆ ಕೊಳ್ಳಬೇಡಿ. ರಿಸರ್ವ್ ಜೊತೆಗಿನ ಕಾರ್ಡ್ ತೆಗೆದು ಕೊನೆಯ ಪ್ಯಾಕಿಂಗ್ ತಾರೀಖು ನೋಡಿ: ಅಮೆರಿಕದಲ್ಲಿ 180 ದಿನ ದಾಟಿದ್ದರೆ ಪ್ರಮಾಣಪತ್ರ ಪಡೆದ ರಿಗ್ಗರ್ (ಪ್ಯಾರಾಚೂಟ್ ತಂತ್ರಜ್ಞ) ಮತ್ತೆ ಪ್ಯಾಕ್ ಮಾಡಿ ಸೀಲ್ ಹಾಕುವ ತನಕ ಆ ರಿಗ್ ವಿಮಾನ ಹತ್ತುವಂತಿಲ್ಲ. ದುಡ್ಡು ಕೊಡುವ ಮುಂಚೆ ಅಂಥ ರಿಗ್ಗರ್ ಮುಂದೆಯೇ ಎಲ್ಲವನ್ನೂ ಬಿಚ್ಚಿಸಿ.