ರೈಲು ಹೋದ ದಾರಿಯಲ್ಲಿ ಕರೆಂಟು

ವಾಷಿಂಗ್ಟನ್‌ಗೆ ಹೋದವರು ಶ್ವೇತಭವನ ನೋಡುತ್ತಾರೆ, ಲಿಂಕನ್ ಸ್ಮಾರಕ ನೋಡುತ್ತಾರೆ. ನಾನೂ ನೋಡಿದೆ. ಆದರೆ ಮೂವತ್ತು ವರ್ಷ ಟ್ರಾನ್ಸ್‌ಫಾರ್ಮರ್ ರಿಪೇರಿಯಲ್ಲೇ ಕಳೆದವನಿಗೆ ನೋಡಬೇಕು ಅನ್ನಿಸಿದ್ದು ಬೇರೆ ಊರು. ಅಲ್ಲೇ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗಳಿಗೆ ಹೇಳಿದೆ, "ನನ್ನನ್ನ ಆಶ್‌ಬರ್ನ್‌ಗೆ ಕರ್ಕೊಂಡು ಹೋಗು."

"ಅಲ್ಲೇನಿದೆ ಚಿಕ್ಕಪ್ಪ, ಬರೀ ಗೋಡೆಗಳು" ಅಂದಳು. ಆದರೂ ಅಕ್ಟೋಬರ್‌ನ ಒಂದು ಭಾನುವಾರ ಹೊರಟೆವು.

ಆಶ್‌ಬರ್ನ್ ಇರುವುದು ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ. ಮೆಟ್ರೋದ ಸಿಲ್ವರ್ ಲೈನ್‌ನ ಕೊನೆಯ ನಿಲ್ದಾಣ ಅದು. ರೈಲು ಇಲ್ಲಿವರೆಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಡಲ್ಲಸ್ ವಿಮಾನ ನಿಲ್ದಾಣ ದಾಟಿದ್ದೇ ತಡ, ಕಿಟಕಿಯಾಚೆ ಕಿಟಕಿಯಿಲ್ಲದ ಕಟ್ಟಡಗಳು ಶುರುವಾದವು. ಬೂದು, ಬಿಳಿ, ಮತ್ತೆ ಬೂದು. ಬೋರ್ಡುಗಳಿಲ್ಲ, ಮನುಷ್ಯರ ಸುಳಿವಿಲ್ಲ. ಎಲ್ಲ ಡೇಟಾ ಸೆಂಟರ್‌ಗಳು, ಅಂದರೆ ಇಂಟರ್‌ನೆಟ್ಟಿನ ಕಂಪ್ಯೂಟರ್‌ಗಳನ್ನು ಇಡುವ ಕಟ್ಟಡಗಳು. ಇಡೀ ಜಗತ್ತಿನಲ್ಲಿ ಅವು ಇಷ್ಟು ಒತ್ತಾಗಿ ಇರುವ ಜಾಗ ಇನ್ನೊಂದಿಲ್ಲ. 1990ರ ದಶಕದಲ್ಲಿ ಇಂಟರ್‌ನೆಟ್ಟಿನ ಕೇಬಲ್‌ಗಳು ಈ ಭಾಗದಲ್ಲಿ ಬಂದು ಸೇರಿದವು. ಒಂದು ಕೇಬಲ್ ಇನ್ನೊಂದನ್ನು ಎಳೆದುಕೊಂಡು ಬಂತು. 2023ರ ಹೊತ್ತಿಗೆ ವರ್ಜೀನಿಯಾ ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಕಾಲುಭಾಗ ಡೇಟಾ ಸೆಂಟರ್‌ಗಳಿಗೇ ಹೋಗುತ್ತಿತ್ತು.

ನಾವು ನಡೆದದ್ದು ಹಳೆಯ ರೈಲು ದಾರಿಯಲ್ಲಿ. ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್ ಅನ್ನುವ ಈ ರೈಲು 1968ರಲ್ಲಿ ನಿಂತುಹೋಯಿತು. ಹಳಿ ಕಿತ್ತರು. ಆ ಉದ್ದನೆಯ ಜಾಗವನ್ನು ವಿದ್ಯುತ್ ಕಂಪನಿ ಕೊಂಡು, ಅದರ ಮೇಲೆ ಹೈಟೆನ್ಷನ್ ಲೈನ್ ಇಟ್ಟುಕೊಂಡಿತು. ಆಮೇಲೆ ನೆಲ ಪಾರ್ಕಿನವರ ಕೈಗೆ ಬಂದು, ಈಗ 72 ಕಿಲೋಮೀಟರ್ ಉದ್ದದ ಕಾಲುದಾರಿ ಆಗಿದೆ. ಸೈಕಲ್ಲಿನವರು, ಓಡುವವರು, ನಾಯಿ ಹಿಡಿದವರು. ಅವರ ತಲೆಯ ಮೇಲೆ ಲಕ್ಷಗಟ್ಟಲೆ ವೋಲ್ಟ್. ಮೇಪಲ್ ಮರಗಳ ಎಲೆ ಕೆಂಪಾಗಿತ್ತು. ನನ್ನ ಕಣ್ಣು ಮಾತ್ರ ಇನ್ಸುಲೇಟರ್ ಸರದ ಬಿಲ್ಲೆ ಎಣಿಸುತ್ತಿತ್ತು.

ಸ್ವಲ್ಪ ದೂರ ಹೋದ ಮೇಲೆ ಬೇಲಿಯಾಚೆ ಒಂದು ಸಬ್‌ಸ್ಟೇಷನ್ ಕಂಡಿತು. ಅಲ್ಲೇ ನಿಂತುಬಿಟ್ಟೆ.

ನಾಲ್ಕು ದೊಡ್ಡ ಟ್ರಾನ್ಸ್‌ಫಾರ್ಮರ್. ನಾವು ಟಿಸಿ ಅಂತ ಕಂಬದ ಮೇಲೆ ನೋಡುವ ಡಬ್ಬವಲ್ಲ, ಒಂದೊಂದೂ ಮನೆಯಷ್ಟು. ಮಧ್ಯೆ ಕಾಂಕ್ರೀಟ್ ಗೋಡೆ. ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹಬ್ಬಬಾರದು ಅಂತ. ಕೆಳಗೆ ಜಲ್ಲಿ ತುಂಬಿದ ಗುಂಡಿ, ಸೋರಿದ ಎಣ್ಣೆ ಹಿಡಿಯಲಿಕ್ಕೆ. ಮೇಲಿನಿಂದ 230 ಕೆ.ವಿ., ಅಂದರೆ 2,30,000 ವೋಲ್ಟ್, ಬರುತ್ತದೆ. ಇಲ್ಲಿ 34.5 ಕೆ.ವಿ.ಗೆ ಇಳಿದು ಕಟ್ಟಡದ ಕಡೆಗೆ ಹೋಗುತ್ತದೆ. ಅಲ್ಲಿ ಮತ್ತೊಂದು ಸಾಲು ಟ್ರಾನ್ಸ್‌ಫಾರ್ಮರ್, ಮತ್ತೆ ಇಳಿತ.

"ಗುಂಯ್ ಅನ್ನೋದು ಕೇಳ್ತಿದೆಯಾ?" ಅಂದೆ. ಅವಳು ಕಿವಿಗೊಟ್ಟಳು. ಒಳಗಿನ ಉಕ್ಕಿನ ಕೋರ್ ಕಾಂತದ ಎಳೆತಕ್ಕೆ ಕೂದಲೆಳೆಗಿಂತಲೂ ಸಣ್ಣದಾಗಿ ಹಿಗ್ಗಿ ಕುಗ್ಗುತ್ತದೆ. ಒಂದು ಸೈಕಲ್‌ಗೆ ಎರಡು ಸಲ. ನಮ್ಮಲ್ಲಿ 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 100 ಸಲ. ಅಮೆರಿಕದಲ್ಲಿ 60, ಹಾಗಾಗಿ 120. ಇಷ್ಟು ವರ್ಷ ಕೇಳಿದ ಶ್ರುತಿಗಿಂತ ಇದು ಒಂಚೂರು ಮೇಲಿತ್ತು. ಮೊದಲು ನನಗೇ ಏನೋ ಸರಿಯಿಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು.

"ಇಷ್ಟು ಬೇಗ ಬೇಗ ಕಟ್ಟಡ ಕಟ್ತಾರಲ್ಲ ಚಿಕ್ಕಪ್ಪ, ಇದನ್ನೂ ಜಾಸ್ತಿ ಮಾಡಬಹುದಲ್ವಾ?"

ಅಲ್ಲೇ ಇರುವುದು ಕಷ್ಟ. ಕಟ್ಟಡ ಒಂದೆರಡು ವರ್ಷದಲ್ಲಿ ಏಳುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಇವತ್ತು ಆರ್ಡರ್ ಕೊಟ್ಟರೆ ಬರುವುದು ಎರಡರಿಂದ ನಾಲ್ಕು ವರ್ಷಕ್ಕೆ. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು. ಪ್ರತಿಯೊಂದಕ್ಕೂ ಬೇರೆ ಡಿಸೈನ್. ಕೋರ್‌ಗೆ ಬೇಕಾದ ವಿಶೇಷ ಸಿಲಿಕಾನ್ ಉಕ್ಕನ್ನು ಅಮೆರಿಕದಲ್ಲಿ ಮಾಡುವ ಕಂಪನಿ ಒಂದೇ ಒಂದು. ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಕಾಗದ ಸುತ್ತಿದ ತಾಮ್ರವನ್ನು ನುರಿತ ಕೈಗಳೇ ಸುರುಳಿಯಾಗಿ ಸುತ್ತಬೇಕು, ಅದೇ ವೈಂಡಿಂಗ್. ಆಮೇಲೆ ಕಾಗದದೊಳಗಿನ ತೇವ ಪೂರ್ತಿ ಹೋಗುವವರೆಗೆ ನಿರ್ವಾತದಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಆ ತೇವವೇ ಮುಂದೊಂದು ದಿನ ವೈಂಡಿಂಗನ್ನು ಸುಡುತ್ತದೆ. ಅಂಥ ವೈಂಡಿಂಗ್ ಬಿಚ್ಚಿ ನೋಡಿದ್ದೇನೆ. ಕಾಗದ ಕರ್ರಗಾಗಿ, ಮುಟ್ಟಿದರೆ ಪುಡಿಯಾಗುತ್ತದೆ.

ವೋಲ್ಟೇಜ್ ಏರಿಸುವುದು, ಇಳಿಸುವುದು. ಈ ಯಂತ್ರದ ಈ ಮೂಲ ಕೆಲಸ ಬದಲಾಗಿಲ್ಲ. 1885ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಮೂವರು ಎಂಜಿನಿಯರ್‌ಗಳು ಇದಕ್ಕೆ ಸರಿಯಾದ ರೂಪ ಕೊಟ್ಟರು. ಮರುವರ್ಷ ಮಾರ್ಚ್‌ನಲ್ಲಿ ವಿಲಿಯಂ ಸ್ಟ್ಯಾನ್ಲಿ ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ ಇದೇ ವಿದ್ಯೆಯಿಂದ ಮುಖ್ಯ ಬೀದಿಯ ಅಂಗಡಿಗಳಿಗೆ ದೀಪ ಹಚ್ಚಿದ. ಅವತ್ತು ಒಂದು ಬೀದಿಯ ದೀಪ. ಈಗ ಎಐ ಓಡಿಸುವ ಕಂಪ್ಯೂಟರ್‌ಗಳ ಒಂದೇ ಒಂದು ಹೊಸ ರ್‍ಯಾಕ್, ಬೀರುವಿನಷ್ಟು ಗಾತ್ರದ್ದು, ಸುಮಾರು 120 ಕಿಲೋವ್ಯಾಟ್ ಕೇಳುತ್ತದೆ. 2023ರಲ್ಲಿ ಅಮೆರಿಕದ ಡೇಟಾ ಸೆಂಟರ್‌ಗಳು ಬಳಸಿದ್ದು 17,600 ಕೋಟಿ ಯೂನಿಟ್, ದೇಶದ ಒಟ್ಟು ಬಳಕೆಯ ಶೇ 4.4. 2028ಕ್ಕೆ ಅದು ಶೇ 6.7ರಿಂದ 12ರವರೆಗೆ ಹೋಗಬಹುದು ಅಂತ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಂದಾಜು.

ನಡೆಯುತ್ತಾ ಸ್ಮಿತ್ ಸ್ವಿಚ್ ರಸ್ತೆ ದಾಟಿದೆವು. ಹೆಸರಿನಲ್ಲಿರುವ ಸ್ವಿಚ್ ಕರೆಂಟಿನದಲ್ಲ, ರೈಲು ಹಳಿಯದು.

ಅವಳಿಗೆ 2024ರ ಜುಲೈ 10ರ ಕಥೆ ಹೇಳಿದೆ. ಇದೇ ಉತ್ತರ ವರ್ಜೀನಿಯಾದಲ್ಲಿ 230 ಕೆ.ವಿ. ಲೈನೊಂದರ ಮೇಲೆ, ಸಿಡಿಲಿನ ಹೊಡೆತದಿಂದ ಕಾಪಾಡುವ ಲೈಟ್ನಿಂಗ್ ಅರೆಸ್ಟರ್ ಕೆಟ್ಟಿತು. ಲೈನ್ ತಾನೇ ಮತ್ತೆ ಮತ್ತೆ ಚಾರ್ಜ್ ಆಗಲು ನೋಡಿತು. ಪ್ರತಿ ಸಲವೂ ವೋಲ್ಟೇಜ್ ಒಂದು ಕ್ಷಣ ಕುಸಿಯಿತು. ಡೇಟಾ ಸೆಂಟರ್‌ಗಳ ಯುಪಿಎಸ್‌ಗಳು ಆ ಕುಸಿತಗಳನ್ನು ಎಣಿಸಿ, ಇದು ಸರಿಯಿಲ್ಲ ಅಂತ ತಮ್ಮ ಬ್ಯಾಟರಿ, ಜನರೇಟರ್‌ಗೆ ಹೋಗಿಬಿಟ್ಟವು. ಸುಮಾರು 60 ಡೇಟಾ ಸೆಂಟರ್, 1,500 ಮೆಗಾವ್ಯಾಟ್, ಒಟ್ಟಿಗೇ ಗ್ರಿಡ್ ಬಿಟ್ಟವು. ಲೋಡ್ ಹೋದರೆ ಒಳ್ಳೆಯದಲ್ವಾ ಅನ್ನಿಸಬಹುದು. ಅಲ್ಲ. ವೋಲ್ಟೇಜ್ ಏರಿತು. ಆಪರೇಟರ್‌ಗಳು ವೋಲ್ಟೇಜ್ ಎತ್ತಿ ಹಿಡಿಯುವ ಕೆಪಾಸಿಟರ್ ಬ್ಯಾಂಕ್‌ಗಳನ್ನು ತೆಗೆದು ಅದನ್ನು ಇಳಿಸಬೇಕಾಯಿತು.

"ನಮಗೆ ಗೊತ್ತೇ ಆಗ್ಲಿಲ್ಲ" ಅಂದಳು.

ಗೊತ್ತಾಗದ ಹಾಗೆ ನೋಡಿಕೊಂಡವರಿದ್ದರು. ಅವರ ಬಗ್ಗೆ ನನಗೆ ತುಂಬಾ ಗೌರವ.

ಸಂಜೆ ಅದೇ ದಾರಿಯಲ್ಲಿ ವಾಪಸ್ ಬಂದೆವು. ಕತ್ತಲಾಗಿತ್ತು. ಸಬ್‌ಸ್ಟೇಷನ್ ಹತ್ತಿರ ಮತ್ತೆ ನಿಂತೆ. ಊರಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಸಂಜೆ ದುಡಿದು, ಜನ ಮಲಗಿದ ಮೇಲೆ ತಣ್ಣಗಾಗುತ್ತದೆ. ಆ ತಂಪೇ ಅದರ ಆಯಸ್ಸು. ಒಳಗಿನ ಕಾಗದಕ್ಕೆ ಮಿತಿ ಮೀರಿ 6 ಡಿಗ್ರಿ ಬಿಸಿ ಜಾಸ್ತಿಯಾದರೆ ಅದು ಎರಡು ಪಟ್ಟು ಬೇಗ ಮುದಿಯಾಗುತ್ತದೆ. ಡೇಟಾ ಸೆಂಟರ್‌ಗೆ ರಾತ್ರಿ ಅನ್ನುವುದೇ ಇಲ್ಲ.

ಕೆಲಸದಲ್ಲಿದ್ದಾಗ ರೌಂಡ್ಸ್‌ಗೆ ಹೋದಾಗಲೆಲ್ಲ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದೆ, ಜ್ವರ ನೋಡುವ ಹಾಗೆ. ಇಲ್ಲಿಯೂ ಕೈ ತಾನಾಗಿ ಬೇಲಿಯವರೆಗೆ ಹೋಯಿತು.

"ಚಿಕ್ಕಪ್ಪ, ಕೊನೇ ಬಸ್ಸು" ಅಂದಳು. ನಡೆದೆವು. ಹಿಂದೆ ರೇಡಿಯೇಟರ್ ಫ್ಯಾನ್‌ಗಳು ತಿರುಗುತ್ತಲೇ ಇದ್ದವು.