ಸಸ್ಟೇನರ್ ಬಾಯಿ ಮುಚ್ಚಿತು: ಹಂಬಕರ್ ನಡುವೆ ಸಿಕ್ಕ ಜಾಗ

ಗಿಟಾರ್ ತಂತಿಯನ್ನು ಮುಟ್ಟದೆ ಕಾಂತಕ್ಷೇತ್ರದಿಂದ ನಡುಗಿಸುತ್ತಲೇ ಇರುವ ಕೈಹಿಡಿ ಸಾಧನವೇ ಸಸ್ಟೇನರ್. ತಂತಿಯ ಕಂಪನವನ್ನು ಸೆನ್ಸರ್ ಕಾಯಿಲ್ ಹಿಡಿಯುತ್ತೆ, ಎಲ್‌ಎಂ386 ಎಂಬ ಪುಟ್ಟ ಆಂಪ್ಲಿಫೈಯರ್ ಐಸಿ ಅದನ್ನು ದೊಡ್ಡದು ಮಾಡುತ್ತೆ, ಡ್ರೈವರ್ ಕಾಯಿಲ್ ತಂತಿಯನ್ನು ನೂಕುತ್ತೆ. ನಾನು ಕಟ್ಟಿದ್ದರ ಕೀರಲು ಈಗ ನಿಂತಿದೆ. ಎಲ್‌ಎಂ386, 9 ವೋಲ್ಟ್ ಬ್ಯಾಟರಿ, ಎರಡು ಕಾಯಿಲ್, ಪಕ್ಕದ ತಂತಿಗಳ ಮೇಲೆ ಕೂರುವ ಗಾಡಿ, ಇವೆಲ್ಲ ಗೊತ್ತಿರುವ ಕಥೆ, ಬಿಟ್ಟುಬಿಡೋಣ. ಕಾಯಿಲ್ ಸುತ್ತುವ ತಾಮ್ರದ ತಂತಿ ವಿಷಯ ಮಾತ್ರ ಹೇಳಲೇಬೇಕು. ಡ್ರೈವರ್ ಕಾಯಿಲ್‌ಗೆ ಆನ್‌ಲೈನ್ ಹುಡುಕಾಟ ಬೇಡ. ಬಳ್ಳಾರಿಯಲ್ಲಿ ಸೀಲಿಂಗ್ ಫ್ಯಾನ್ ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ 36 ಗೇಜ್ ಕೇಳಿ, ತೂಕದ ಮೇಲೆ ಕೊಡ್ತಾರೆ. ಸುಮಾರು 13.5 ಮೀಟರ್‌ಗೆ 8 ಓಂ. ಸರಾಸರಿ ವ್ಯಾಸ 10 ಮಿ.ಮೀ. ಇಟ್ಟುಕೊಂಡರೆ 430 ಸುತ್ತಿನ ಆಸುಪಾಸು. ಸೆನ್ಸರ್ ಕಡೆಗೆ ಹಳೆಯ 12 ವೋಲ್ಟ್ ರಿಲೇ ಒಡೆದು ತೆಗೆದ 400 ಓಂ ಕಾಯಿಲ್ ಸಾಕು. ಮೇಣದಲ್ಲಿ ಅದ್ದಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಕಾರಿನೊಳಗೆ ಬಿಟ್ಟರೆ ಮೆತ್ತಗಾಗಿ ಸುತ್ತು ಸಡಿಲಾಗುತ್ತೆ. ಅರಲ್ಡೈಟ್ ಹಾಕಿ.

ಇನ್ನು ಐಸಿ. ಬೆಂಗಳೂರಿಂದ ತರಿಸಿದ 'ಒರಿಜಿನಲ್' ಮಾಲಿನ ಮೇಲಿನ ಅಕ್ಷರ ಥಿನ್ನರ್ ಹತ್ತಿಗೆ ನೀಟಾಗಿ ಎದ್ದು ಬಂತು. ವಾಪಸ್ ತಗೊಳ್ಳಿ ಅಂದರೆ ಪ್ಯಾಕೆಟ್ ಒಡೆದಿದೆಯಂತೆ. ಒಡೆಯದೆ ಅಕ್ಷರ ಒರೆಸೋದು ಹೇಗೋ ಅವರೇ ಹೇಳಬೇಕು.

ಈಗ ಅಸಲಿ ತಲೆನೋವು. ಆಂಪ್‌ನಲ್ಲಿ ಕೇಳಿಸುವ ಕೀರಲಿಗೆ ಎರಡು ಮೂಲಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲು ಸಸ್ಟೇನರನ್ನು ಗಿಟಾರಿನಿಂದ ದೂರ, ಗಾಳಿಯಲ್ಲಿ ಹಿಡಿದು ಬ್ಯಾಟರಿ ಕರೆಂಟ್ ಅಳೆಯಿರಿ. ಎಲ್‌ಎಂ386 ಸುಮ್ಮನಿದ್ದಾಗ 4 ಮಿಲಿಆಂಪ್ ಸುಮಾರು ಎಳೆಯುತ್ತೆ. ಅದಕ್ಕಿಂತ ಬಹಳ ಮೇಲಿದ್ದರೆ ಡ್ರೈವರ್ ತನ್ನದೇ ಸೆನ್ಸರ್‌ಗೆ ಕೇಳಿಸಿ ಒಳಗೇ ಕಿರುಚುತ್ತಿದೆ ಅಂತ. ಕಾಯಿಲ್‌ಗಳನ್ನು ದೂರ ಮಾಡಿ. ತಾಮ್ರದ ಹಾಳೆ ಸುತ್ತುವುದರಿಂದ ಹೆಚ್ಚೇನೂ ಆಗದು, ಹಾರುತ್ತಿರುವುದು ಕಾಂತಕ್ಷೇತ್ರ. ಆಮೇಲೆ 1 ಮತ್ತು 8ನೇ ಕಾಲುಗಳ ನಡುವಿನ 10 ಮೈಕ್ರೋಫ್ಯಾರಡ್ ಜೊತೆ ಸರಣಿಯಲ್ಲಿ 1.2 ಕಿಲೋಓಂ ಸೇರಿಸಿದರೆ ಗೇನ್ (ಐಸಿ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನೋದು) 200ರಿಂದ 50ಕ್ಕೆ ಇಳಿಯುತ್ತೆ.

ಗಾಳಿಯಲ್ಲಿ ತೆಪ್ಪಗಿದ್ದು ಗಿಟಾರಿನ ಪಿಕಪ್ (ತಂತಿಯ ದನಿ ಹಿಡಿಯುವ ಕಾಯಿಲ್) ಹತ್ತಿರ ಹೋದಾಗ ಮಾತ್ರ ಕೂಗಿದರೆ ಸರ್ಕ್ಯೂಟಿಗೆ ಕೈ ಹಚ್ಚಬೇಡಿ. ಡ್ರೈವರಿನ ಕ್ಷೇತ್ರ ತಂತಿಯನ್ನು ದಾಟಿ ನೇರವಾಗಿ ಪಿಕಪ್ ಕಾಯಿಲ್‌ಗೆ ಇಳಿಯುತ್ತಿದೆ. ಸಿಂಗಲ್ ಕಾಯಿಲ್ ಮೇಲೆ ಇದು ಅತಿ ಜೋರು. ಫಝ್ (ಒಡೆದ, ಗೊರಗೊರ ದನಿ) ಪ್ರಿಯರು ಬೇಕಂತಲೇ ಅಲ್ಲಿಗೆ ತರುತ್ತಾರೆ. ಕ್ಲೀನ್ ಬೇಕಿದ್ದವರು ಬ್ರಿಜ್ (ತಂತಿ ಕೊನೆಯಾಗುವ ಕಡೆಯ) ಪಿಕಪ್ ಆರಿಸಿ, ಸಸ್ಟೇನರನ್ನು ನೆಕ್ (ಕತ್ತಿನ) ಕಡೆಗೆ ತಳ್ಳಬೇಕು.

ಹಂಬಕರ್ ಅನ್ನೋ ಜೋಡಿ ಕಾಯಿಲ್ ಪಿಕಪ್‌ನಲ್ಲೇ ಮಜಾ. ಎರಡು ಕಾಯಿಲ್‌ಗಳ ಸುತ್ತು ಪರಸ್ಪರ ಉಲ್ಟಾ, ಆಯಸ್ಕಾಂತವೂ ಉಲ್ಟಾ. ಹಾಗಾಗಿ ತಂತಿಯ ದನಿ ಕೂಡುತ್ತೆ, ಹೊರಗಿನಿಂದ ಎರಡಕ್ಕೂ ಸಮವಾಗಿ ಬಂದದ್ದು ಕಳೆದುಹೋಗುತ್ತೆ. ಡ್ರೈವರ್ ಒಂದು ಕಾಯಿಲಿನ ಸ್ಕ್ರೂ ಸಾಲಿನ ಮೇಲಿದ್ದರೆ ಒಂದೇ ಕಾಯಿಲ್‌ಗೆ ಬಡಿತ, ಕೀರಲು. ಡ್ರೈವರಿನ ನಡುಬಿಂದು ಎರಡು ಸಾಲುಗಳ ಸರಿಮಧ್ಯೆ ಬಂದ ಕೂಡಲೇ ಗದ್ದಲ ಕುಸಿದು ಬರೀ ತಂತಿ ಉಳಿಯುತ್ತೆ. ಒಂದೆರಡು ಮಿಲಿಮೀಟರ್ ಸರಿದರೂ ಮತ್ತೆ ಶುರು. ಗಾಡಿಯ ಮಧ್ಯ ನೋಡಿ ಇಟ್ಟರೆ ತಪ್ಪುತ್ತೆ, ಡ್ರೈವರ್ ಇರುವುದು ಒಂದು ತುದಿಯಲ್ಲಿ. ಆ ತುದಿಗೆ ಬಿಳಿ ಗೆರೆ ಎಳೆದುಕೊಳ್ಳಿ. ಒಂದೇ ಕಾಯಿಲ್ ಉಳಿಸುವ ಕಾಯಿಲ್ ಸ್ಪ್ಲಿಟ್ ಸ್ವಿಚ್ ಎಳೆದಿದ್ದರೆ ಈ ಲಾಭ ಇಲ್ಲ.

ಇಎಂಜಿ ಕಂಪನಿಯ ತರಹದ ಆಕ್ಟಿವ್ (ಒಳಗೇ ಬ್ಯಾಟರಿ ಪ್ರಿಆಂಪ್ ಇರುವ) ಪಿಕಪ್‌ನಲ್ಲಿ ಗಿಟಾರಿನ ವಾಲ್ಯೂಮ್ ಇಳಿಸಿ ಪ್ರಯೋಜನವಿಲ್ಲ. ಒಳಗಿನ ಪ್ರಿಆಂಪ್ ವಾಲ್ಯೂಮ್‌ಗಿಂತ ಮೊದಲೇ ಕೂತಿದೆ, ಅದು ಮಿತಿ ಮೀರಿ ಕ್ಲಿಪ್ ಆದ ಮೇಲೆ ನಾಬ್ ತಿರುಗಿಸಿದರೆ ಹರಿದ ದನಿಯೇ ಸಣ್ಣಗೆ ಕೇಳುತ್ತೆ. ಪಿಕಪ್ಪನ್ನೇ ಕೆಳಗಿಳಿಸಿ. ಕಾಂತಕ್ಷೇತ್ರವಲ್ಲ, ಒತ್ತಡ ಹಿಡಿಯುವ ಪೀಜೋ ಪಿಕಪ್‌ಗೆ ಇದ್ಯಾವುದರ ಗೊಡವೆ ಇಲ್ಲ.

ಸಣ್ಣ ಇ ತಂತಿ (ಎಲ್ಲಕ್ಕಿಂತ ತೆಳುವಾದದ್ದು) ಸೋಲುತ್ತಿದ್ದರೆ ಡ್ರೈವರಿನ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ) ನೋಡಿ. ನೂಕು ತಂತಿಯ ವೇಗದೊಂದಿಗೆ ಹೆಜ್ಜೆ ಹಾಕಬೇಕು. ಸುತ್ತು ಜಾಸ್ತಿಯಾದರೆ ಮೇಲಿನ ಸ್ವರಗಳಲ್ಲಿ ಕರೆಂಟ್ ಹಿಂದೆ ಬೀಳುತ್ತೆ. ಡ್ರೈವರ್ ಕಾಯಿಲಿನ ಎರಡು ವೈರ್ ಅದಲುಬದಲು ಮಾಡುವ ಡಿಪಿಡಿಟಿ ಸ್ವಿಚ್ ಹಾಕಿದರೆ ಮೂಲಸ್ವರ ಅಡಗಿ ಹಾರ್ಮಾನಿಕ್ ಎದ್ದೇಳುತ್ತೆ. ದೊಡ್ಡ ಆಯಸ್ಕಾಂತದ ಆಸೆ ಬೇಡ, ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತೆ. ಮೇಲಾಗಿ ಮೇಜಿನ ಮೇಲಿಟ್ಟರೆ ಊರಿನ ಧೂಳಲ್ಲಿರುವ ಕಪ್ಪು ಕಣಗಳೆಲ್ಲ ಬಂದು ಗಡ್ಡ ಬೆಳೆಸುತ್ತವೆ. ಸೆಲ್ಲೋಟೇಪ್ ಒತ್ತಿ ಕೀಳಬೇಕು, ಊದಿದರೆ ಹೋಗಲ್ಲ.

ಇದರ ನಡುವೆ ತಂಬೂರಿ ತಲೆಗೆ ಹೊಕ್ಕಿದೆ. ಉಕ್ಕಿನ ತಂತಿಗಳು ಸಸ್ಟೇನರ್‌ಗೆ ಮಣಿಯುತ್ತವೆ, ಖರಜದ (ತಗ್ಗಿನ ಸ್ವರದ) ಹಿತ್ತಾಳೆ ತಂತಿ ಆಯಸ್ಕಾಂತಕ್ಕೆ ಸಿಗದ್ದರಿಂದ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಅದಕ್ಕಿಂತ ತತ್ವಪದದವರ ಏಕತಾರಿ ಸುಲಭ: ಒಂದೇ ಉಕ್ಕಿನ ತಂತಿ, ಬ್ರಾಕೆಟ್ ಹಾಕಿ ಡ್ರೈವರನ್ನು ಕಾಯಂ ಕೂರಿಸಬಹುದು, ಪಕ್ಕದ ತಂತಿಗಳ ಆಸರೆ ಬೇಕಿಲ್ಲ. ತಂತಿಗೂ ಡ್ರೈವರಿಗೂ 2 ಮಿ.ಮೀ. ಬಿಟ್ಟು ಶುರು ಮಾಡುವುದು ಅಂತ ಲೆಕ್ಕ. ಫ್ಯಾನ್ ತಂತಿ ಇನ್ನೂ ಅರ್ಧ ಉಂಡೆ ಉಳಿದಿದೆ.